ಕಂಬಕ್ಕೆ ಈರುಳ್ಳಿ, ಬಾಗಿಲಿಗೆ ಅಗುಳಿ: ಆಟಕ್ಕಾಗಿ ಒಂದು ಧರ್ಮ ಕಟ್ಟಿದ ನನ್ನ ಅನುಭವ

ನಾನು ಗೆಳೆಯರಿಗೆ ರೋಲ್‌ಪ್ಲೇಯಿಂಗ್ ಆಟ ಆಡಿಸುತ್ತೇನೆ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಬೆಳೆಸುವ ಆಟ. ಈಗಿನ ಕಥೆ ನಡೆಯುವುದು ಸ್ಕೌರ್‌ವಿಕ್ ಅನ್ನೋ ಊರಲ್ಲಿ. ಊರು ನಾನೇ ಹುಟ್ಟಿಸಿದ್ದು. ಬೆಟ್ಟಗಳ ನಡುವೆ ಒಳಕ್ಕೆ ನುಗ್ಗಿದ ಕಡಲು, ಉದ್ದನೆಯ ಚಳಿಗಾಲ, ಮೀನು, ಕುರಿ, ಸ್ವಲ್ಪ ಬಾರ್ಲಿ. ಅಲ್ಲಿನ ಜನಕ್ಕೆ ಒಂದು ಧರ್ಮ ಬೇಕಿತ್ತು. ಹಳೆಯ ನಾರ್ಸ್ ಜನರ, ಅಂದರೆ ಕ್ರೈಸ್ತ ಧರ್ಮ ಬರುವ ಮುಂಚಿನ ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್ ಕಡೆಯವರ, ಆಚರಣೆಗಳನ್ನು ಓದಿಕೊಂಡು ಅದನ್ನು ಹೇಗೆ ಕಟ್ಟಿದೆ ಅಂತ ಬರೆಯುತ್ತಿದ್ದೇನೆ.

ನಾರ್ಸ್ ದೇವರುಗಳಾದ ಓಡಿನ್, ಥಾರ್ ಇವರನ್ನೇ ಕರೆದುಕೊಂಡು ಬರಬಹುದಿತ್ತು. ಬೇಡ ಅಂದುಕೊಂಡೆ. ಅವರನ್ನು ಪೂಜಿಸುವವರು ಇವತ್ತಿಗೂ ಇದ್ದಾರೆ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಅಂಥವರ ಸಂಘ ಶುರುವಾಯಿತು, ಮರುವರ್ಷ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ಅವರ ದೇವರನ್ನು ನನ್ನ ದಾಳಕ್ಕೆ ಕುಣಿಸುವುದು ಸರಿ ಅನ್ನಿಸಲಿಲ್ಲ. ಇನ್ನೊಂದು ಕಾರಣವೂ ಇದೆ. ಸುತ್ತಿಗೆ ಹಿಡಿದ ಥಾರ್ ಬಂದ ಕೂಡಲೇ ಆಟಗಾರರಿಗೆ ಎಲ್ಲ ಗೊತ್ತಿದೆ ಅನ್ನಿಸಿಬಿಡುತ್ತದೆ. ಆಮೇಲೆ ಪ್ರಶ್ನೆ ಕೇಳೋದೇ ಇಲ್ಲ. ಹಾಗಾಗಿ ನನ್ನ ಊರಿಗೆ ನನ್ನದೇ ದೇವರುಗಳು: ಕಡಲಿನ ಸ್ಕಾಲ್ವರ್, ಹುಲ್ಲುಗಾವಲಿನ ಯೋರ್ನಾ. ಇನ್ನೂ ಕೆಲವರಿದ್ದಾರೆ. ಎಲ್ಲರ ಹೆಸರೂ ಗೊತ್ತಿರುವವರು ಊರಲ್ಲಿ ಯಾರೂ ಇಲ್ಲ.

ದೇವರ ಕಥೆಗಳಿಗೆ ಇಷ್ಟು ಸಾಕು ಅಂತ ಅಲ್ಲಿಗೇ ಬಿಟ್ಟೆ. ನಾರ್ಸ್ ದೇವರ ಕಥೆಗಳು ಧಾರಾಳವಾಗಿ ಸಿಗುತ್ತವೆ. ಆದರೆ ಅವನ್ನು ಐಸ್‌ಲ್ಯಾಂಡಿನ ಲೇಖಕ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟದ್ದು 1220ರ ಸುಮಾರಿಗೆ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಸೇರಿ ಆಗಲೇ ಇನ್ನೂರು ವರ್ಷ ದಾಟಿತ್ತು. ಒಂದು ಮನೆಯವರು ಒಂದು ಸಂಜೆ ನಿಜಕ್ಕೂ ಏನು ಮಾಡುತ್ತಿದ್ದರು ಅನ್ನೋದು ಅಲ್ಲಿ ಇಲ್ಲಿ ಚೂರುಚೂರಾಗಿ ಮಾತ್ರ ಸಿಗುತ್ತದೆ. ನನಗೆ ಬೇಕಿದ್ದದ್ದು ಆ ಚೂರುಗಳೇ. ಯಾರು ಕೊಡುತ್ತಾರೆ? ಏನು ಕೊಡುತ್ತಾರೆ? ಯಾರನ್ನು ಹೊರಗಿಡುತ್ತಾರೆ? ಕೇಳಿದ್ದು ಸಿಗದಿದ್ದರೆ ಏನು ಮಾಡುತ್ತಾರೆ? ಇಷ್ಟಕ್ಕೆ ಉತ್ತರ ಇದ್ದರೆ ಧರ್ಮ ತನ್ನ ಪಾಡಿಗೆ ನಡೆಯುತ್ತದೆ ಅನ್ನೋದು ನನ್ನ ನಂಬಿಕೆ.

ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟವನು ಇಬ್ನ್ ಫದ್ಲಾನ್. ಬಾಗ್ದಾದಿನ ಖಲೀಫನ ದೂತರ ಜೊತೆ ಹೋದವನು, 922ರಲ್ಲಿ ವೋಲ್ಗಾ ನದಿಯ ದಡದಲ್ಲಿ ರುಸ್ ಅನ್ನೋ ನಾರ್ಸ್ ಮೂಲದ ವ್ಯಾಪಾರಿಗಳನ್ನು ಕಂಡ. ದೋಣಿ ದಡಕ್ಕೆ ಬಂದ ಕೂಡಲೇ ಪ್ರತಿಯೊಬ್ಬನೂ ರೊಟ್ಟಿ, ಮಾಂಸ, ಈರುಳ್ಳಿ, ಹಾಲು, ಮದ್ಯ ಹಿಡಿದು ಮನುಷ್ಯನ ಮುಖ ಕೆತ್ತಿದ ಎತ್ತರದ ಕಂಬದ ಹತ್ತಿರ ಹೋಗುತ್ತಾನೆ. ತಾನು ಮಾರಲು ಏನೇನು ತಂದಿದ್ದೇನೆ ಅಂತ ಎಣಿಸಿ ಹೇಳುತ್ತಾನೆ. ಚೌಕಾಸಿ ಮಾಡದ, ಕೈತುಂಬ ದುಡ್ಡಿರುವ ಗಿರಾಕಿಯನ್ನು ಕಳಿಸು ಅನ್ನುತ್ತಾನೆ. ವ್ಯಾಪಾರ ಆಗದಿದ್ದರೆ ಇನ್ನೊಂದು ಕಾಣಿಕೆ, ಮತ್ತೂ ಆಗದಿದ್ದರೆ ಮತ್ತೊಂದು. ಆಮೇಲೆ ಸುತ್ತಲಿನ ಚಿಕ್ಕ ಚಿಕ್ಕ ಮೂರ್ತಿಗಳನ್ನು ಬೇಡಿಕೊಳ್ಳುತ್ತಾನೆ. ವ್ಯಾಪಾರ ಆದರೆ ಕುರಿ, ದನ ಕಡಿದು ಸ್ವಲ್ಪ ಹಂಚಿ, ಉಳಿದದ್ದನ್ನು ಕಂಬದ ಮುಂದೆ ಇಡುತ್ತಾನೆ. ರಾತ್ರಿ ನಾಯಿಗಳು ಬಂದು ತಿನ್ನುತ್ತವೆ. ಬೆಳಿಗ್ಗೆ ಅವನಿಗೆ ಸಂತೋಷ: ದೇವರು ಸ್ವೀಕರಿಸಿದ!

ಇದನ್ನು ಓದಿ ನನಗೆ ನಗು ಬರಲಿಲ್ಲ. ಎಷ್ಟು ಹತ್ತಿರದ ನಂಟು ಅಲ್ವಾ ಅನ್ನಿಸಿತು. ಸ್ಕೌರ್‌ವಿಕ್‌ನ ದಕ್ಕೆಯಲ್ಲೂ ಒಂದು ಕಂಬ ನಿಲ್ಲಿಸಿದೆ. ಒಂದು ನಿಯಮ ನಾನು ಸೇರಿಸಿದೆ. ಕೇಳುವುದನ್ನು ಜೋರಾಗಿ, ಇನ್ನೊಬ್ಬರಿಗೆ ಕೇಳಿಸುವ ಹಾಗೆ ಹೇಳಬೇಕು. ಮನಸ್ಸಿನಲ್ಲೇ ಬೇಡಿಕೊಂಡದ್ದು ಸ್ಕಾಲ್ವರ್‌ಗೆ ಮುಟ್ಟುವುದಿಲ್ಲ. ಇದರಿಂದ ಆಟದ ರಂಗೇ ಬದಲಾಯಿತು. ಒಬ್ಬ ಆಟಗಾರನ ಪಾತ್ರಕ್ಕೆ ಅಣ್ಣನ ದೋಣಿ ತನಗೆ ಬರಬೇಕು ಅನ್ನೋ ಆಸೆ. ಅಣ್ಣ ಪಕ್ಕದಲ್ಲೇ ನಿಂತಿದ್ದಾನೆ. ಹೇಗೆ ಕೇಳೋದು?

ಆಟಗಾರರು ಮೊದಲು ಕೇಳಿದ್ದು, ದೇವಸ್ಥಾನ ಎಲ್ಲಿ, ಪೂಜಾರಿ ಯಾರು ಅಂತ. ನಮ್ಮ ಕಡೆ ಬೆಳೆದವರಿಗೆ ಸಹಜ. ಆದರೆ ಹಳೆಯ ಐಸ್‌ಲ್ಯಾಂಡಿನಲ್ಲಿ ಪೂಜೆ ನಡೆಸುವವನೂ ಜನರ ಮುಖಂಡನೂ ಒಬ್ಬನೇ. ಅವನನ್ನು ಗೋದಿ ಅನ್ನುತ್ತಿದ್ದರು. ಸ್ಕೌರ್‌ವಿಕ್‌ನಲ್ಲಿ ಆ ಕೆಲಸವನ್ನು ಮನೆಯ ಹಿರಿಯ ಹೆಂಗಸಿಗೆ ಕೊಟ್ಟೆ, ಯಾಕೆಂದರೆ ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿದೆ. ಆ ಕಾಲದ ಹೆಂಗಸರ ಸಮಾಧಿಗಳಲ್ಲೂ ಬೀಗದ ಕೈಗಳು ಸಿಕ್ಕಿವೆ. ಬಾರ್ಲಿ, ಬಿಯರ್, ಮಾಂಸ ಎಲ್ಲ ಅವಳ ವಶದಲ್ಲಿದ್ದ ಮೇಲೆ ದೇವರಿಗೆ ಎಷ್ಟು ಅನ್ನೋದನ್ನೂ ಅವಳೇ ಹೇಳಬೇಕು.

ಹಬ್ಬಗಳನ್ನು ಹುಲ್ಲಿನ ಲೆಕ್ಕದಿಂದ ಹುಟ್ಟಿಸಿದೆ. ಚಳಿಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಒಣಹುಲ್ಲು ಅಳೆಯುತ್ತಾರೆ. ವಸಂತದವರೆಗೆ ಎಷ್ಟು ಕುರಿ ಸಾಕಬಹುದು ಅಂತ ಅದರಿಂದ ಗೊತ್ತಾಗುತ್ತದೆ. ಉಳಿದವನ್ನು ಕಡಿಯಲೇಬೇಕು. ಆ ದಿನವೇ ಯೋರ್ನಾಳ ಹಬ್ಬ. ಸ್ನೋರಿ ಬರೆದ ಮೂರು ಬಲಿಗಳಲ್ಲಿ ಮೊದಲನೆಯದೂ ಚಳಿಗಾಲದ ಹೊಸ್ತಿಲಲ್ಲೇ ಬರುತ್ತದೆ, ವರ್ಷ ಚೆನ್ನಾಗಿರಲಿ ಅಂತ. ಆಟದಲ್ಲಿ ಹುಲ್ಲಿನ ಲೆಕ್ಕಕ್ಕೆ ದಾಳ ಉರುಳಿಸುತ್ತೇವೆ. ಕಡಿಮೆ ಬಿದ್ದ ವರ್ಷ ಹಬ್ಬದ ಊಟ ಜೋರು. ಆದರೆ ಊಟಕ್ಕೆ ಕೂತವರ ಮುಖದಲ್ಲಿ ಭಯ, ಏಕೆಂದರೆ ಇಷ್ಟೆಲ್ಲ ಮಾಂಸ ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತು.

ಮೂಳೆಗಳನ್ನು ಊರಾಚೆಯ ಬರ್ಚ್ ಮರಕ್ಕೆ ಕಟ್ಟುತ್ತಾರೆ. ಇದು ಸ್ವೀಡನ್ನಿನ ಫ್ರೋಸೋ ದ್ವೀಪದಿಂದ ಬಂದದ್ದು. ಅಲ್ಲಿನ ಹಳೆಯ ಚರ್ಚಿನ ಬಲಿಪೀಠದ ಕೆಳಗೆ 1984ರಲ್ಲಿ ಅಗೆದಾಗ ಬರ್ಚ್ ಮರದ ಬುಡ ಸಿಕ್ಕಿತು. ಸುತ್ತ ಪ್ರಾಣಿಗಳ ಮೂಳೆ, ಕರಡಿಗಳದೂ ಸೇರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಆಚರಣೆ ಮುಚ್ಚಿದ ಬಾಗಿಲು. ಸಿಗ್ವಾತ್ ಅನ್ನೋ ಕವಿ 1018ರ ಹೊತ್ತಿಗೆ ನಾರ್ವೆಯ ರಾಜನ ಕೆಲಸದ ಮೇಲೆ ಸ್ವೀಡನ್ನಿಗೆ ಹೋದ. ಅವನು ಕ್ರೈಸ್ತ. ರಾತ್ರಿ ತಂಗಲು ಜಾಗ ಕೇಳಿದರೆ ಮನೆ ಮನೆಯಲ್ಲೂ ಇಲ್ಲ ಅಂದರು. ಒಂದು ಮನೆಯ ಹೆಂಗಸು, ಒಳಗೆ ಬರಬೇಡ, ಓಡಿನ್ ಸಿಟ್ಟಾಗುತ್ತಾನೆ ಅಂದಳಂತೆ. ಒಳಗೆ ಅಲ್ವ್ ಅನ್ನೋ ಅದೃಶ್ಯ ಜೀವಿಗಳಿಗೆ ಮನೆಮಂದಿ ಬಲಿ ಕೊಡುತ್ತಿದ್ದರು. ಹೊರಗಿನವರಿಗೆ ಪ್ರವೇಶ ಇಲ್ಲ. ಅತಿಥಿಯನ್ನು ವಾಪಸ್ ಕಳಿಸುವುದು ಅಂದರೆ ಆ ಜನಕ್ಕೆ ತುಂಬ ದೊಡ್ಡ ಮಾತು. ಅಂಥದ್ದರಲ್ಲೂ ಬಾಗಿಲು ತೆರೆಯಲಿಲ್ಲ ಅಂದರೆ ಒಳಗೆ ನಡೆಯುತ್ತಿದ್ದದ್ದು ಎಷ್ಟು ಮುಖ್ಯವಾಗಿರಬೇಕು!

ನಮ್ಮ ಆಟದಲ್ಲಿ ಪಾತ್ರಗಳು ಹಿಮ ಬೀಳುವ ಹೊತ್ತಿಗೆ ಸ್ಕೌರ್‌ವಿಕ್ ತಲುಪಿದವು. ಒಂದೂ ಬಾಗಿಲು ತೆರೆಯಲಿಲ್ಲ. ಆಟಗಾರರಿಗೆ ಕೋಪ ಬಂತು. ಒಬ್ಬ ಕೊಡಲಿ ತೆಗೆದ. ಆಗ ಇನ್ನೊಬ್ಬಳು ಬಾಗಿಲ ಬಳಿ ಕೂತು, ಈ ಮನೆಯಲ್ಲಿ ಈ ವರ್ಷ ತೀರಿಕೊಂಡವರು ಯಾರು ಅಂತ ಕೇಳಿದಳು. ಒಳಗಿಂದ ಒಂದು ಹೆಸರು ಬಂತು. ಇವಳು ತನ್ನ ಬುತ್ತಿಯ ರೊಟ್ಟಿ ಮುರಿದು ಹೊಸ್ತಿಲ ಮೇಲಿಟ್ಟಳು. ಇದು ನಾನು ಬರೆದಿಟ್ಟ ನಿಯಮದಲ್ಲಿ ಇರಲಿಲ್ಲ. ಆ ರಾತ್ರಿಯಿಂದ ಇದೆ. ಸತ್ತವರ ಹೆಸರು ಕೇಳಿ ಹೊಸ್ತಿಲಿಗೆ ರೊಟ್ಟಿ ಇಟ್ಟವರಿಗೆ ದನದ ಕೊಟ್ಟಿಗೆಯಲ್ಲಿ ಮಲಗಲು ಜಾಗ ಸಿಗುತ್ತದೆ. ಮನೆಯೊಳಗೆ ಮಾತ್ರ ಬೆಳಿಗ್ಗೆವರೆಗೂ ಇಲ್ಲ.

ನರಬಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ರೆಮೆನ್‌ನ ಆಡಂ ಅನ್ನೋ ಜರ್ಮನ್ ಪಾದ್ರಿ 1070ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದ ಬಗ್ಗೆ ಬರೆದ. ಒಂಬತ್ತು ವರ್ಷಕ್ಕೊಮ್ಮೆ ಹಬ್ಬ, ಮನುಷ್ಯರೂ ಸೇರಿ ಪ್ರತಿ ಜಾತಿಯ ಒಂಬತ್ತು ಗಂಡು ಜೀವಗಳ ಬಲಿ, ತೋಪಿನ ಮರಗಳಲ್ಲಿ ನೇತಾಡುವ ಹೆಣಗಳು. ಅವನು ಕಣ್ಣಾರೆ ಕಂಡಿದ್ದಲ್ಲ, ಬೇರೆಯವರಿಂದ ಕೇಳಿದ್ದು. ಸಾಲದ್ದಕ್ಕೆ ಅವನು ಚರ್ಚಿನವನು. ಹಾಗಾಗಿ ನನ್ನ ಕಥೆಯಲ್ಲಿ ಇದನ್ನು ಸ್ಕೌರ್‌ವಿಕ್ ಬಗ್ಗೆ ದಕ್ಷಿಣದವರು ಹೇಳುವ ಸುದ್ದಿಯಾಗಿ ಇಟ್ಟೆ. ನಿಜವೋ ಸುಳ್ಳೋ ಅಂತ ನಾನು ಆಟಗಾರರಿಗೆ ಹೇಳಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಜಾಗ ಬಿಡಲಿಲ್ಲ. ನಾಜಿಗಳು ನಾರ್ಸ್ ಜನರ ಹಳೆಯ ಲಿಪಿಯಾದ ರೂನ್ ಅಕ್ಷರಗಳನ್ನು ತಮ್ಮ ಸಮವಸ್ತ್ರದ ಮೇಲೆ ಹಾಕಿಕೊಂಡರು. ಈಗಲೂ ಜನಾಂಗದ ಹೆಮ್ಮೆಗೆ ಈ ಗುರುತುಗಳನ್ನು ಬಳಸುವವರಿದ್ದಾರೆ. ಸ್ಕೌರ್‌ವಿಕ್‌ನಲ್ಲಿ ರಕ್ತದ ಮಾತೇ ಇಲ್ಲ. ಒಂದು ಚಳಿಗಾಲ ಜೊತೆಗಿದ್ದು, ಮನೆಯ ಬಟ್ಟಲಿನಿಂದ ಬಿಯರ್ ಕುಡಿದು, ಆ ಮನೆಯ ಸತ್ತವರ ಹೆಸರು ಹೇಳಿದವರು ಆ ಮನೆಯವರು. ಎಲ್ಲಿಂದ ಬಂದವರಾದರೂ ಅಷ್ಟೇ.

ಈಗ ಬರೆಯುತ್ತಿರುವುದು ಮುಳುಗಿ ಸತ್ತವರ ಆಚರಣೆ. ಹೋದ ಸಲ ಆಟದಲ್ಲಿ ಅಣ್ಣನ ದೋಣಿಗೆ ಆಸೆಪಟ್ಟವನು ಕಡಲಲ್ಲಿ ಮುಳುಗಿದ. ಹೆಣ ಸಿಗಲಿಲ್ಲ. ಐರ್‌ಬಿಗ್ಯಾ ಸಾಗಾ ಅನ್ನೋ ಹಳೆಯ ಐಸ್‌ಲ್ಯಾಂಡಿನ ಕಥನದಲ್ಲಿ ಇಂಥದ್ದೇ ಒಂದು ಕಥೆಯಿದೆ. ಮುಳುಗಿ ಸತ್ತವರು ತಮ್ಮದೇ ತಿಥಿಯ ಊಟಕ್ಕೆ ಒದ್ದೆ ಬಟ್ಟೆಯಲ್ಲಿ ಬರುತ್ತಾರೆ. ಕಡಲ ದೇವತೆ ರಾನ್ ಅವರನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ ಅಂತ ಮನೆಯವರಿಗೆ ಸಮಾಧಾನ. ಆದರೆ ಊಟ ಮುಗಿದ ಮೇಲೂ ಅವರು ದಿನಾ ಸಂಜೆ ಬಂದು ಬೆಂಕಿಯ ಪಕ್ಕ ಕೂರತೊಡಗುತ್ತಾರೆ. ಮನೆಯಲ್ಲಿ ಸಾವಿನ ಮೇಲೆ ಸಾವು ಆಗುತ್ತದೆ. ಕೊನೆಗೆ ಬದುಕಿರುವವರು ಬಾಗಿಲಲ್ಲೇ ನ್ಯಾಯಾಲಯ ಕೂಡಿಸಿ, ಸತ್ತು ಬಂದ ಒಬ್ಬೊಬ್ಬರ ಹೆಸರು ಹಿಡಿದು ದೂರು ಕೊಡುತ್ತಾರೆ. ತೀರ್ಪು ಕೇಳಿ ಸತ್ತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ.

ಮುಂದಿನ ಸಲ ನಮ್ಮಲ್ಲೂ ಅದೇ. ಮುಳುಗಿದವನ ಪಾತ್ರವನ್ನು ಅದೇ ಗೆಳೆಯ ಆಡುತ್ತಾನೆ, ದೂರು ಕೊಡಬೇಕಾದವಳು ಅವನ ತಂಗಿಯ ಪಾತ್ರ ಆಡುವವಳು. ಅವನ ಪರ ಮಾತಾಡಲು ಯಾರೂ ಇಲ್ಲದಿದ್ದರೆ ಅದು ನ್ಯಾಯ ಹೇಗಾಗುತ್ತೆ ಅಂತ ಅವಳೇ ಕೇಳಿದಳು. ಹಾಗಾಗಿ ಸತ್ತವನ ಪರ ವಾದಿಸುವ ಹಕ್ಕು ಯಾರಿಗೆ ಅನ್ನೋ ನಿಯಮವನ್ನು ಈ ವಾರ ಬರೆಯುತ್ತಿದ್ದೇನೆ. ಸದ್ಯಕ್ಕೆ ನನ್ನ ಮನಸ್ಸು ಅಣ್ಣನ ಕಡೆಗಿದೆ.