ಜಂಗು ಹಿಡಿದ ಲಾರಿ ಚಾಸಿಗೆ ಹೊಸ ಬಣ್ಣ: ಬ್ರಷ್ ಹಿಡಿಯುವ ಮೊದಲೇ ಮುಕ್ಕಾಲು ಕೆಲಸ

ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್, ಮಾಡಿಸಬೇಕು. ಆ ದಿನ ಹತ್ತಿರ ಬಂತೆಂದರೆ ಬಹಳ ಕಡೆ ನಡೆಯುವುದು ಒಂದೇ ಕೆಲಸ. ಚಾಸಿಗೆ ನೀರು ಹೊಡೆದು, ಸರಿಯಾಗಿ ಒಣಗುವ ಮೊದಲೇ ಕರಿ ಬಣ್ಣ ಬಳಿಯುತ್ತಾರೆ. ನೋಡಲು ಚಂದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ, ಕೆಳಗೆ ಜಂಗು ಮೊದಲಿಗಿಂತ ಜಾಸ್ತಿ ಆಗಿರುತ್ತದೆ. ಇಡೀ ಲೋಡು ಹೊರುವ ಕಬ್ಬಿಣ ಅದು. ಅದಕ್ಕೆ ತೋರಿಕೆಯ ಬಣ್ಣ ಸಾಲದು.

ಹುಬ್ಬಳ್ಳಿ ಗಾಡಿಗಳಿಗೆ ಜಂಗು ಹಿಡಿಯಲು ಕಾರಣಗಳೂ ಇವೆ. ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಬರುವ ಲಾರಿಗೆ ಕಡಲ ಕಡೆಯ ಉಪ್ಪು ಗಾಳಿ, ಘಟ್ಟದ ಮಳೆ ಎರಡೂ ತಾಗುತ್ತವೆ. ಉಪ್ಪು, ಗೊಬ್ಬರ ಹೇರಿದರೆ ಇನ್ನೂ ಕಷ್ಟ. ಪೊಟ್ಯಾಷ್ ಗೊಬ್ಬರದಲ್ಲೂ ಉಪ್ಪಿನಲ್ಲಿರುವ ಕ್ಲೋರೈಡೇ ಇರುತ್ತದೆ. ಚೀಲದಿಂದ ಉದುರಿದ್ದು ಹಲಗೆ ಸಂದಿಯಿಂದ ಇಳಿದು ಚಾಸಿ ಮೇಲೆ ಕೂತರೆ, ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ.

ಏಪ್ರಿಲ್ ತಿಂಗಳು ಈ ಕೆಲಸಕ್ಕೆ ಒಳ್ಳೆಯದು. ಬ್ಯಾಡಗಿ ಮೆಣಸಿನಕಾಯಿ ಲೋಡಿನ ಗದ್ದಲ ತಗ್ಗುತ್ತಾ ಬಂದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಜುಲೈನ ಜಿಟಿಜಿಟಿ ಮಳೆಯಲ್ಲಿ ಮಾತ್ರ ಬೇಡವೇ ಬೇಡ.

ಬಾಡಿ ಇಳಿಸಿ, ತೊಳೆಯಿರಿ

ಬಾಡಿ ಇಳಿಸದೆ ಮಾಡಿದ್ದು ಅರ್ಧ ಕೆಲಸ. ಬಾಡಿಗೂ ಚಾಸಿಗೂ ನಡುವೆ ಉದ್ದಕ್ಕೆ ಮರದ ಪಟ್ಟಿ ಇರುತ್ತದಲ್ಲ, ಅದನ್ನು ಎತ್ತಿ ನೋಡಿ. ಮರ ನೀರು ಕುಡಿದು ಕಪ್ಪಾಗಿರುತ್ತದೆ. ಕೆಳಗೆ ಚಾಸಿಯ ಮೇಲ್ಭಾಗ ಪದರ ಪದರವಾಗಿ ಎದ್ದಿರುತ್ತದೆ, ಉಗುರು ಹಾಕಿದರೂ ಚಕ್ಕೆ ಬರುತ್ತದೆ. ಬಾಡಿಯನ್ನು ಚಾಸಿಗೆ ಬಿಗಿಯುವ ಯು-ಬೋಲ್ಟ್ ಕಚ್ಚಿಕೊಂಡಿದ್ದ ಕಡೆ ಅಂಚು ಸವೆದಿರುತ್ತದೆ. ಹೊರಗೆ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ.

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಬ್ಯಾಟರಿ, ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಗ್ರೈಂಡರ್ ಕಿಡಿ ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಬ್ರೇಕಿನ ಗಾಳಿ ಪೈಪು, ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಗ್ರೀಸು, ಮಣ್ಣು ಮೊದಲು ಕೆರೆದು ತೆಗೆಯಿರಿ. ಆಮೇಲೆ ಸೋಪು ನೀರು, ಕೊನೆಗೆ ಪ್ರೆಷರಿನಲ್ಲಿ ಬರೀ ನೀರು. ಈ ಹಂತ ದಾಟಿಸಿ ನೇರ ಗ್ರೈಂಡರ್ ಹಿಡಿದರೆ, ಉಪ್ಪು ಜಂಗಿನ ಗುಂಡಿಗಳೊಳಗೇ ಉಳಿದುಬಿಡುತ್ತದೆ. ಅದರ ಮೇಲೆ ಎಂಥ ಬಣ್ಣವೂ ನಿಲ್ಲುವುದಿಲ್ಲ.

ಸುತ್ತಿಗೆ ಹಿಡಿದು ಕೇಳಿ

ಒಂದು ತುದಿಯಿಂದ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತಿಂದುಹೋದದ್ದು ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಚಕ್ಕೆ ತೆಗೆದು ವರ್ನಿಯರ್ ಇಟ್ಟು ದಪ್ಪ ಅಳೆಯಿರಿ, ಚೆನ್ನಾಗಿರುವ ಜಾಗದ ದಪ್ಪಕ್ಕೆ ಹೋಲಿಸಿ ನೋಡಿ. ರಿವೆಟ್ ತಲೆಯ ಸುತ್ತ ಕೆಂಪು ಪುಡಿ ಸೋರಿದಂತೆ ಕಂಡರೆ ಆ ರಿವೆಟ್ ಸಡಿಲವಾಗಿದೆ. ಎರಡು ಪ್ಲೇಟ್ ಜೋಡಿಸಿದ ಕಡೆ ಹೊಟ್ಟೆ ಬಂದಿದ್ದರೆ ನಡುವೆ ಜಂಗು ಬೆಳೆದಿದೆ ಎಂದರ್ಥ. ಜಂಗು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ದಪ್ಪ ಪ್ಲೇಟನ್ನೂ ಬಗ್ಗಿಸುತ್ತದೆ. ಅಂಥಲ್ಲಿ ರಿವೆಟ್ ತೆಗೆದು ಪ್ಲೇಟ್ ಬಿಡಿಸಿ ಸ್ವಚ್ಛ ಮಾಡದೆ ಬೇರೆ ದಾರಿಯಿಲ್ಲ.

ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚುವುದು ಜೀವಕ್ಕೇ ಅಪಾಯ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಹೋಗದಂತೆ ತಡೆದು, ಆಮೇಲೆ ವೆಲ್ಡ್ ಮಾಡಬೇಕು. ಚಾಸಿಯ ಮೇಲೆ, ಕೆಳಗೆ ಮಡಚಿದ ಪಟ್ಟಿಗೆ ಅಡ್ಡಲಾಗಿ ವೆಲ್ಡಿಂಗ್ ಬೇಡ, ಅಲ್ಲಿ ತೂತೂ ಬೇಡ. ಹೆಚ್ಚು ಭಾರ ಬೀಳುವುದು ಅಲ್ಲೇ. ಬಲಕ್ಕೆ ಪ್ಲೇಟ್ ಕೊಡುವುದಾದರೆ ಅದರ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ. ಇದು ಚಾಸಿ ಕೆಲಸ ಬಲ್ಲ ವೆಲ್ಡರನ ಕೆಲಸ. ಗೇಟು, ಗ್ರಿಲ್ ಮಾಡುವವರ ಕೈಗೆ ಕೊಡಬೇಡಿ.

ಜಂಗು ತೆಗೆಯುವುದು

ಚಾಸಿ ಪೂರ್ತಿ ಬಿಚ್ಚಿದ್ದರೆ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಒರಟು ಹರಳು ಹೊಡೆದು ಜಂಗು ಕೀಳುವುದು, ಮಾಡಿಸುವುದೇ ಒಳ್ಳೆಯದು. ಮರಳು ಬೇಡ, ಆ ದೂಳು ಪುಪ್ಪುಸ ಹಾಳುಮಾಡುತ್ತದೆ. ಕಾಪರ್ ಸ್ಲ್ಯಾಗ್ ಅಥವಾ ಸ್ಟೀಲ್ ಗ್ರಿಟ್ ಕೇಳಿ. ಅದಾಗದಿದ್ದರೆ ಚಿಪ್ಪಿಂಗ್ ಸುತ್ತಿಗೆ, ಗ್ರೈಂಡರಿಗೆ ಕಪ್ ಬ್ರಷ್, ಮೂಲೆಗಳಿಗೆ ಕೈ ಬ್ರಷ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಬ್ರಷ್ಷಿನ ತಂತಿ ಕಿತ್ತು ಹಾರುವುದು ಮಾಮೂಲಿ.

ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಅಕ್ಷರ ಸವೆದರೆ ಆರ್‌ಟಿಒದಲ್ಲಿ ಉತ್ತರ ಹೇಳುವುದು ಕಷ್ಟ. ಅಲ್ಲಿ ಕೈ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬಣ್ಣವೂ ತೆಳ್ಳಗಿರಲಿ.

ಗುಂಡಿಗಳಲ್ಲಿ ಉಳಿದ ಜಂಗಿಗೆ ರಸ್ಟ್ ಕನ್ವರ್ಟರ್ ಸಿಗುತ್ತದೆ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ತೆಳು ಜಂಗನ್ನು ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ದಪ್ಪ ಚಕ್ಕೆಯ ಮೇಲೆ ಹಚ್ಚಿದರೆ ದುಡ್ಡು ದಂಡ. ಆಮ್ಲದ ಅಂಶ ಉಳಿದರೆ ಮೇಲೆ ಹಚ್ಚುವ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಬರೆದಂತೆಯೇ ಮಾಡಿ.

ಪ್ರೈಮರ್, ಬಣ್ಣ

ಸ್ವಚ್ಛ ಮಾಡಿದ ದಿನವೇ ಥಿನ್ನರ್ ಬಟ್ಟೆಯಲ್ಲಿ ಒರೆಸಿ ಪ್ರೈಮರ್ ಹೊಡೆಯಿರಿ. ಒಂದು ರಾತ್ರಿ ಬಿಟ್ಟರೂ ಬೆಳ್ಳಗಿನ ಕಬ್ಬಿಣ ಮತ್ತೆ ಕೆಂಪಾಗುತ್ತದೆ.

ಯಾವ ಪ್ರೈಮರ್? ರೆಡ್ ಆಕ್ಸೈಡ್ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದರ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅದು ಮುಚ್ಚುತ್ತದೆ ಅಷ್ಟೇ, ತಾನಾಗಿ ಜಂಗನ್ನು ತಡೆಯುವುದಿಲ್ಲ. ಚಾಸಿಗೆ ನಾನು ಹೇಳುವುದು ಜಿಂಕ್ ಫಾಸ್ಫೇಟ್ ಇರುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಎರಡನೇ ಡಬ್ಬಿಯಲ್ಲಿರುವುದು ಗಟ್ಟಿ ಮಾಡುವ ಹಾರ್ಡ್ನರ್, ಅದನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಕಲಸಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಿ.

ಸ್ಪ್ರೇ ಮಾಡುವ ಮೊದಲು ಅಂಚು, ರಿವೆಟ್ ತಲೆ, ವೆಲ್ಡಿಂಗ್ ಗೆರೆ, ತೂತುಗಳಿಗೆ ಬ್ರಷ್ಷಿನಿಂದ ಒಂದು ಕೈ ಹಚ್ಚಿ. ಚೂಪು ಅಂಚಿನಲ್ಲಿ ಬಣ್ಣ ತಾನಾಗಿ ತೆಳ್ಳಗಾಗುತ್ತದೆ, ಜಂಗು ಮತ್ತೆ ಶುರುವಾಗುವುದೂ ಅಲ್ಲಿಂದಲೇ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಮುಗಿಸಿ. ಮಧ್ಯಾಹ್ನದ ಕಾದ ಕಬ್ಬಿಣದ ಮೇಲೆ ಬಣ್ಣ ಕೂರುವ ಮೊದಲೇ ಒಣಗುತ್ತದೆ.

ಮೇಲಿನ ಬಣ್ಣಕ್ಕೆ ಕರಿ ಎನಾಮಲ್ ಸಾಕು. ಪಿಯು (ಪಾಲಿಯುರೆಥೇನ್) ಬಣ್ಣ ಇನ್ನೂ ಗಟ್ಟಿ. ಅದರ ಹಾರ್ಡ್ನರಿನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ಸಾಲದು. ತಕ್ಕ ಮಾಸ್ಕ್ ಇಲ್ಲದಿದ್ದರೆ ಆ ಬಣ್ಣವೇ ಬೇಡ. ಪ್ಲೇಟ್ ಸಂದಿ, ಮುಚ್ಚಿದ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ) ಒಳಗೆ ಕ್ಯಾವಿಟಿ ವ್ಯಾಕ್ಸ್ (ಜಂಗು ತಡೆಯುವ ಮೇಣ) ಹೊಡೆಯಿರಿ. ಮರದ ಪಟ್ಟಿ ಹೊಸದು ಹಾಕುವಾಗ ಅದಕ್ಕೂ ನಾಲ್ಕೂ ಕಡೆ ಪ್ರೈಮರ್ ಕೊಡಿ.

ಸರ್ವಿಸ್ ಮಾಡಿಸಿದಾಗ ಚಾಸಿಗೆ ಡೀಸೆಲ್ ಅಥವಾ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ರೂಢಿ ಬಿಡಿ. ಅದು ರಬ್ಬರ್ ಬುಷ್ ಕೆಡಿಸುತ್ತದೆ, ದೂಳು ಅಂಟಿಸಿಕೊಂಡು ತೇವ ಹಿಡಿದಿಡುತ್ತದೆ. ಗೊಬ್ಬರದ ಲೋಡು ಇಳಿಸಿದ ದಿನವೇ ಬರೀ ನೀರಿನಿಂದ ತೊಳೆಸಿ. ಬಣ್ಣ ಆದ ಮೇಲೆ ಮೊದಲ ಲೋಡು ಹಾಕಿ ಬಂದಾಗ ಯು-ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿಸಿ. ಅವುಗಳ ಕೆಳಗಿನ ಬಣ್ಣ ಅದುಮಿಕೊಂಡು ನಟ್ಟುಗಳು ಸಡಿಲವಾಗಿರುತ್ತವೆ.