ಚೌಕಿಗೆ 35, ಕಂಬಳಕ್ಕೆ ಝೂಮ್

ಮೊದಲ ಪ್ರೈಮ್ ಲೆನ್ಸ್ (ಝೂಮ್ ಆಗದ, ಒಂದೇ ನೋಟದ ಲೆನ್ಸ್) ಕೊಳ್ಳುವ ಮುಂಚೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಎಲ್ಲರದೂ ಒಂದೇ ಮಾತು: "50 ಎಂಎಂ, ಎಫ್ 1.8. ಕಣ್ಣು ಮುಚ್ಚಿ ತಗೊ ಮಾರಾಯ." ಕಣ್ಣು ಮುಚ್ಚಿಯೇ ತಗೊಂಡೆ. ಎಂಎಂ ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ.

ನನಗೆ ಬೇಕಿದ್ದದ್ದು ಯಕ್ಷಗಾನದ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಚಿತ್ರಗಳು. ಉಡುಪಿಯ ಸುತ್ತಮುತ್ತ ಎಲ್ಲಿ ಬಯಲಾಟವಿದ್ದರೂ ನಾನು ರಂಗಸ್ಥಳಕ್ಕಿಂತ ಚೌಕಿಯಲ್ಲೇ ಹೆಚ್ಚು ಹೊತ್ತು ಕೂರುವವನು. ಅಲ್ಲಿರುವುದು ಕನ್ನಡಿಯೆದುರಿನ ಒಂದೊಂದು ಬಲ್ಬಿನ ಬೆಳಕು. ಕ್ಯಾಮೆರಾದ ಜೊತೆಗೆ ಬಂದಿದ್ದ 18-55 ಝೂಮ್, 55ಕ್ಕೆ ಎಳೆದರೆ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟರೂ ಶಟರ್ 1/15 ಸೆಕೆಂಡು. ಮುಖ ನಿಂತಿರುತ್ತದೆ, ಬಣ್ಣ ಬರೆಯುವ ಬೆರಳು ಮಸುಕು. ಎಫ್ 1.8ರಲ್ಲಿ ಹೆಚ್ಚುಕಡಿಮೆ 10 ಪಟ್ಟು ಬೆಳಕು ಒಳಗೆ ಬರುತ್ತದೆ. ಅದೇ ಬಲ್ಬಿಗೆ ಶಟರ್ 1/150 ಸಿಕ್ಕಿತು. ಪ್ರೈಮ್ ಬೇಕು ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು 50 ಎನ್ನುವ ಅಂಕಿಯಲ್ಲಿ.

ನನ್ನ ನಿಕಾನ್‌ನ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು, ಎಂಎಂ ಅನ್ನು 1.5ರಿಂದ ಗುಣಿಸುವ ಲೆಕ್ಕ. 50 ಹಾಕಿದರೆ ಕಾಣುವುದು 75ರ ನೋಟ. ವೇಷಧಾರಿಯ ಕೇದಗೆ ಮುಂದಲೆ (ತಲೆಯ ಅಲಂಕಾರ), ಕನ್ನಡಿ, ಕೈ ಮೂರನ್ನೂ ಒಂದೇ ಚೌಕಟ್ಟಿಗೆ ತರಲು ಹಿಂದೆ ಹಿಂದೆ ಸರಿದು ವೇಷದ ಪೆಟ್ಟಿಗೆಗೆ ಬೆನ್ನು ತಾಗಿತು. "ಎಂತ ಮಾರಾಯ, ಪೆಟ್ಟಿಗೆ ಒಳಗೇ ಕೂತ್ಕೊಳ್ತೀಯಾ?" ಅಂದರು ಹಿರಿಯ ವೇಷಧಾರಿಯೊಬ್ಬರು, ಮುಖದ ಬಣ್ಣ ಕೆಡದ ಹಾಗೆ ನಗುತ್ತ.

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹಳೆಯ ಝೂಮ್‌ನಲ್ಲಿ ತೆಗೆದಿದ್ದ ಚೌಕಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಯಾವುದು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂದು ನೋಡುತ್ತ ಹೋದೆ. ನನಗೆ ಮೆಚ್ಚುಗೆಯಾದವು ಹೆಚ್ಚಿನವು 30ರಿಂದ 38ರ ನಡುವೆಯೇ ಇದ್ದವು. ಆಮೇಲೆ ಆ ಝೂಮ್‌ನ ಉಂಗುರಕ್ಕೆ 35ರಲ್ಲಿ ಟೇಪು ಸುತ್ತಿ ಒಂದು ರಾತ್ರಿ ಪೂರ್ತಿ ಚೌಕಿಯಲ್ಲಿ ಕಳೆದೆ. ಬೆನ್ನಿಗೆ ಏನೂ ತಾಗಲಿಲ್ಲ. 50 ಮಾರಿ, 35 ಎಂಎಂ ಎಫ್ 1.8 ತಂದೆ. ತೂಕ ಸುಮಾರು 200 ಗ್ರಾಂ, ಕುತ್ತಿಗೆಗೂ ಸುಖ.

ಅದಕ್ಕೂ ಅದರದೇ ಕಿರಿಕಿರಿ ಇದೆ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು. ಈಗ 2.8ರ ಆಸುಪಾಸಿನಲ್ಲಿ ಇಡುತ್ತೇನೆ. ಕನ್ನಡಿಯೊಳಗಿನ ಮುಖ ತೆಗೆಯುವಾಗ ಇನ್ನೊಂದು ಫಜೀತಿ: ಫೋಕಸ್ ಹೋಗಿ ಕನ್ನಡಿಯ ಅಂಚಿನಲ್ಲಿ ಕೂತರೆ ಮುಖ ಕೆಡುತ್ತದೆ. ಪ್ರತಿಬಿಂಬದ ದೂರ ಎಂದರೆ ನನ್ನಿಂದ ಕನ್ನಡಿಗೆ, ಕನ್ನಡಿಯಿಂದ ಮುಖಕ್ಕೆ, ಎರಡೂ ಕೂಡಿದ್ದು. ಫೋಕಸ್ ಬಿಂದುವನ್ನು ಕಣ್ಣಿನ ಮೇಲೇ ಇಡಬೇಕು. ಇದು ಗೊತ್ತಾಗುವಷ್ಟರಲ್ಲಿ ನಾಲ್ಕೈದು ಆಟ ಮುಗಿದಿತ್ತು.

ಇದೇ 35 ಹಿಡಿದು ಕಂಬಳಕ್ಕೆ ಹೋದದ್ದು ಶುದ್ಧ ಹುಂಬತನ. ಗಂತಿನಲ್ಲಿ (ಓಟ ಶುರುವಾಗುವ ಜಾಗ) ನಿಂತ ಕೋಣಗಳು ಮಂಜೊಟ್ಟಿಯ (ಓಟ ಮುಗಿಯುವ ಜಾಗ) ಕಡೆಯಿಂದ ಇರುವೆಗಳ ಹಾಗೆ ಕಂಡವು. ಮುಂದೆ ಹೋಗೋಣವೆಂದರೆ ಮುಂದೆ ಕರೆ (ಓಟದ ಗದ್ದೆ), ಕೆಸರು, ಬೇಲಿ. ಮುಂದಿನ ವಾರ ಗೆಳೆಯನ 70-300 ಕೇಳಿ ಒಯ್ದೆ. ಓಟ ಮುಗಿಯಲು 12-13 ಸೆಕೆಂಡು ಸಾಕು. ಅಷ್ಟರಲ್ಲಿ 300ರಿಂದ 70ಕ್ಕೆ ಬರಬೇಕು. ಲೆನ್ಸ್ ಬದಲಿಸುವ ಮಾತೇ ಇಲ್ಲ. ಹಗಲಿನ ಬಿಸಿಲಿಗೆ ಎಫ್ 5.6 ಧಾರಾಳ, 1/1000ರಲ್ಲಿ ಕೆಸರುನೀರಿನ ಒಂದೊಂದು ಹನಿಯೂ ನಿಲ್ಲುತ್ತದೆ. ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆ ವಿಭಾಗದಲ್ಲಿ ನೀರು ನಿಶಾನೆಗೆ (ಎತ್ತರದ ಗುರುತು) ಹಾರುವಾಗ ಮಾತ್ರ ಝೂಮ್ ಸ್ವಲ್ಪ ಸಡಿಲ ಬಿಡುತ್ತೇನೆ, ಇಲ್ಲದಿದ್ದರೆ ನೀರಿನ ತುದಿ ಕತ್ತರಿಸಿಹೋಗುತ್ತದೆ. ರಾತ್ರಿಯ ಓಟಗಳಿಗೆ ಈ ಲೆನ್ಸ್ ಸಾಲದು. 70-200 ಎಫ್ 2.8 ಬೇಕು, ಅದರ ಬೆಲೆ ಕೇಳಿ ಸುಮ್ಮನಾಗಿದ್ದೇನೆ. ಕತ್ತಲಾದ ಮೇಲೆ ಕ್ಯಾಮೆರಾ ಒಳಗಿಟ್ಟು ಚರುಮುರಿ ತಿನ್ನುತ್ತ ಓಟ ನೋಡುತ್ತೇನೆ.

ವಿಟ್ಲಪಿಂಡಿಗೆ (ಕೃಷ್ಣಾಷ್ಟಮಿಯ ಮೊಸರುಕುಡಿಕೆ) ಉಡುಪಿಯ ರಥಬೀದಿಯಲ್ಲಿ ನಿಲ್ಲುವಾಗ ಆ ಹಳೇ 18-55 ಒಂದೇ ಸಾಕು. ಮಳೆ, ನೂಕುನುಗ್ಗಲು, ಮೇಲಿಂದ ಮೊಸರು.

ಕೊನೆಗೆ ಮಳೆಗಾಲದ ವಿಷಯ. ಒಂದು ವರ್ಷ ಜೂನ್‌ನಲ್ಲಿ ಕಪಾಟಿಗೆ ಇಟ್ಟ 35ನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ ಒಳಗಾಜಿನ ಮೇಲೆ ಜೇಡರ ಬಲೆಯ ಹಾಗೆ ಫಂಗಸ್. ಬಿಚ್ಚಿ ತೊಳೆಸಲು ಕೊಟ್ಟ ದುಡ್ಡು ಲೆನ್ಸಿನ ಬೆಲೆಯ ಮೂರನೇ ಒಂದು ಪಾಲು. ಈಗ ಅಕ್ಕಿ ಹಾಕುವ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎರಡೂ ಲೆನ್ಸ್ ಮಲಗುತ್ತವೆ. ತೇವ ತೋರಿಸುವ ಪುಟ್ಟ ಮೀಟರ್ ಶೇಕಡಾ 50 ದಾಟಿದರೆ ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆಯನ್ನು ಅಮ್ಮ ಅಡುಗೆಗೆ ವಾಪಸು ತೆಗೆದುಕೊಂಡಿಲ್ಲ.