ಶೀತವೋ ಫ್ಲೂ ಜ್ವರವೋ: ಗುರುತಿಸುವ, ಉಪಚರಿಸುವ ಕ್ರಮ

ಮಳೆ ಹಿಡಿದು ಶಾಲೆಗಳು ಶುರುವಾದ ಮೇಲೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಕೆಮ್ಮು, ಸೀನು ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇರುತ್ತವೆ. ಎಲ್ಲವನ್ನೂ ‘ಶೀತ ಜ್ವರ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮ್ಮ ರೂಢಿ. ಆದರೆ ಶೀತಕ್ಕೆ ಹೆಚ್ಚಾಗಿ ರೈನೋವೈರಸ್ ಕಾರಣವಾದರೆ, ಫ್ಲೂ ಬರುವುದು ಇನ್‌ಫ್ಲುಯೆಂಜಾ ವೈರಸ್‌ನಿಂದ. ಎರಡನೆಯದು ನ್ಯುಮೋನಿಯಾಕ್ಕೆ ತಿರುಗಬಲ್ಲದು.

ಮೊದಲು, ಕಾಯಿಲೆ ಶುರುವಾದ ಬಗೆಯನ್ನು ನೆನಪಿಸಿಕೊಳ್ಳಿ. ಶೀತ ನಿಧಾನವಾಗಿ ಬರುತ್ತದೆ: ಗಂಟಲು ಕೆರೆತ, ಸೀನು, ಮೂಗು ಸೋರುವುದು, ಮರುದಿನ ಮೂಗು ಕಟ್ಟುವುದು. ದೊಡ್ಡವರಿಗೆ ಜ್ವರ ಬರುವುದು ಅಪರೂಪ. ಫ್ಲೂ ಹಾಗಲ್ಲ, ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಯೊಳಗೆ ಚಳಿ, ತಲೆನೋವು, ಮೈಕೈ ನೋವು, ಒಣ ಕೆಮ್ಮಿನಿಂದ ಹಾಸಿಗೆ ಹಿಡಿಯುತ್ತಾರೆ, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟುವುದೂ ಉಂಟು.

ಎರಡನೆಯದಾಗಿ, ಥರ್ಮಾಮೀಟರ್ ಇಟ್ಟು ನೋಡಿ, ಜ್ವರ ಶುರುವಾದ ದಿನ, ಹೊತ್ತು ಎರಡನ್ನೂ ಬರೆದಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಫ್ಲೂಗೆ ವೈದ್ಯರು ಬರೆದುಕೊಡುವ ಒಸೆಲ್ಟಾಮಿವಿರ್ ಔಷಧಿ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಗರ್ಭಿಣಿಯರು, 65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಆಸ್ತಮಾ, ಮಧುಮೇಹ, ಹೃದ್ರೋಗ ಇರುವವರು ‘ಎರಡು ದಿನ ನೋಡೋಣ’ ಎಂದು ಕಾಯಬಾರದು.

ಇನ್ನು ನಮ್ಮ ಕರಾವಳಿಯವರು ಮರೆಯಬಾರದ ಸಂಗತಿ: ಇಲ್ಲಿ ಮಳೆಗಾಲದ ಜ್ವರ ಮಲೇರಿಯಾ, ಡೆಂಗಿ, ಇಲಿಜ್ವರವೂ ಆಗಿರಬಹುದು. ಇವುಗಳಲ್ಲೂ ಚಳಿ, ಮೈಕೈ ನೋವು ಇರುತ್ತವೆ. ಮೂಗು ಸೋರುವುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮೂಗು, ಗಂಟಲಿನ ತೊಂದರೆಯಿಲ್ಲದೆ ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ಪರೀಕ್ಷೆ ಉಚಿತ. ಗದ್ದೆಯ ಕೆಸರಿಗೋ ತೋಡಿನ ನೀರಿಗೋ ಇಳಿದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಮನೆಯ ಉಪಚಾರದಲ್ಲಿ ವಿಶ್ರಾಂತಿಯೇ ಮುಖ್ಯ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಆಗಾಗ ಕುಡಿಸಿ; ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತವೆನಿಸಬಹುದು, ಆದರೆ ವೈರಸ್ಸನ್ನು ಕೊಲ್ಲುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡ. ಜ್ವರಕ್ಕೆ ದೊಡ್ಡವರು 500 ಮಿಲಿಗ್ರಾಂ ಪ್ಯಾರಸಿಟಮಾಲ್ ಮಾತ್ರೆಯೊಂದನ್ನು ಆರು ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ಯಕೃತ್ತಿನ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ಅಂಗಡಿಯಲ್ಲಿ ಸಿಗುವ ಶೀತದ ಮಾತ್ರೆಗಳಲ್ಲೂ ಬಹಳಷ್ಟು ಸಲ ಪ್ಯಾರಸಿಟಮಾಲ್ ಇರುವುದರಿಂದ, ಎರಡನ್ನೂ ಸೇರಿಸಿ ನುಂಗುವವರು ತಮಗೆ ತಿಳಿಯದೆಯೇ ಪ್ರಮಾಣ ಮೀರುತ್ತಾರೆ. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ, ಆಸ್ಪಿರಿನ್ ಕೊಡಲೇಬೇಡಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ದೊಡ್ಡವರೂ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತಸ್ರಾವದ ಅಪಾಯವಿದೆ. ಹಿಂದಿನ ಸಲ ಉಳಿದ ಆ್ಯಂಟಿಬಯಾಟಿಕ್ ಶೀತಕ್ಕೂ ಫ್ಲೂಗೂ ಕೆಲಸ ಮಾಡುವುದಿಲ್ಲ.

ಉಸಿರಾಡಲು ಕಷ್ಟ, ಎದೆನೋವು, ಗೊಂದಲದ ಮಾತು, ತುಟಿ ನೀಲಿಗಟ್ಟುವುದು, ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ ಇಳಿದು ಒಂದೆರಡು ದಿನದಲ್ಲಿ ಕೆಮ್ಮಿನೊಂದಿಗೆ ಮತ್ತೆ ಏರಿದರೂ ಹೀಗೆಯೇ.

ಗುಣವಾಗುತ್ತಿರುವ ಮಗುವನ್ನು ಶಾಲೆಗೆ ಕಳುಹಿಸುವ ಆತುರ ಬೇಡ. ಮಾತ್ರೆಯಿಲ್ಲದೆ ಪೂರ್ತಿ 24 ಗಂಟೆ ಜ್ವರವಿಲ್ಲದಿದ್ದರೆ ಮಾತ್ರ ಕಳುಹಿಸಿ.